ಓವನ್ ದೀಪ ಉರಿಯುತ್ತಿದೆ, ಬಿಸಿ ಮಾತ್ರ ಆಗ್ತಿಲ್ಲ

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿದ್ದೇವೆ. ಮನೆ ಕೊಂಡಾಗಲೇ ಅಡುಗೆಮನೆ ಗೋಡೆಯಲ್ಲಿ ಒಂದರ ಮೇಲೊಂದು ಕೂರಿಸಿದ ಜೋಡಿ ಓವನ್ ಇತ್ತು, 11 ವರ್ಷ ಹಳೆಯದು. ಹಬ್ಬಕ್ಕೆ ನೆಂಟರು ಬರ್ತಾರೆ ಅಂತ ಶನಿವಾರ ಮೇಲಿನ ಓವನ್‌ಗೆ ಸೆಲ್ಫ್ ಕ್ಲೀನ್ (ಓವನ್ ತಾನೇ ವಿಪರೀತ ಕಾದು ಒಳಗಿನ ಜಿಡ್ಡು ಸುಡುವ ವ್ಯವಸ್ಥೆ) ಹಾಕಿದೆ. ಮಾರನೇ ದಿನ ಖಾರಾ ಬನ್ ಮಾಡೋಣ ಅಂತ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟರೆ ಅರ್ಧ ಗಂಟೆಯಾದರೂ 100 ಅಂತಲೇ ತೋರಿಸುತ್ತಿದೆ. ಕೆಳಗಿನದೂ ಅಷ್ಟೇ. ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ. ಓವನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಹೋಗಿರಬೇಕು ಅಂತಾರೆ ಪಕ್ಕದ ಮನೆಯವರು. ಹೊಸದೇ ಕೊಳ್ಳಬೇಕಾ ಸರ್?

ಉತ್ತರ: ಸದ್ಯಕ್ಕೆ ಬೋರ್ಡೂ ಬೇಡ, ಹೊಸ ಓವನ್ನೂ ಬೇಡ. ಮೊದಲು ಬ್ರೇಕರ್ ಪ್ಯಾನೆಲ್ ತೆಗೆದು ನೋಡಿ.

ದೀಪ ಉರಿಯುತ್ತಿದೆಯಲ್ಲ, ಕರೆಂಟ್ ಇದೆಯಲ್ಲ ಅಂತ ಅನ್ನಿಸುವುದು ಸಹಜ. ನಮ್ಮೂರಿನ ಮನೆಗಳಲ್ಲಿ ಆ ಲೆಕ್ಕ ಸರಿ. ಅಲ್ಲಿ ಒಂದು ಫೇಸ್, ಒಂದು ನ್ಯೂಟ್ರಲ್, 230 ವೋಲ್ಟ್. ಅಮೆರಿಕದ ಮನೆಗೆ 120 ವೋಲ್ಟಿನ ಎರಡು ಲೈನ್ ಬರುತ್ತವೆ. ದೀಪಕ್ಕೆ, ಡಿಸ್‌ಪ್ಲೇಗೆ, ಫ್ಯಾನಿಗೆ ಸಾಮಾನ್ಯವಾಗಿ ಅದರಲ್ಲಿ ಒಂದೇ ಸಾಕು. ಆದರೆ ಬಿಸಿ ಕೊಡುವ ಕಾಯಿಲ್ ಕಾಯಬೇಕಾದರೆ ಎರಡೂ ಸೇರಿ 240 ಆಗಬೇಕು. ಒಂದು ಲೈನ್ ಕೈಕೊಟ್ಟಿತು ಅಂದರೆ ನೀವು ಹೇಳಿದ ಹಾಗೇ ಆಗುತ್ತದೆ, ಎಲ್ಲ ನಡೆಯುತ್ತಿರುವಂತೆ ಕಾಣುತ್ತದೆ, ಬಿಸಿ ಮಾತ್ರ ಇರುವುದಿಲ್ಲ.

ಓವನ್‌ನ ಬ್ರೇಕರ್ ಜೋಡಿ ಹಿಡಿಯದ್ದು, ಮೇಲೆ 40 ಅಥವಾ 50 ಅಂತ ಬರೆದಿರುತ್ತದೆ. ಟ್ರಿಪ್ ಆದಾಗ ಹಿಡಿ ಪೂರ್ತಿ ಆಫ್ ಕಡೆ ಹೋಗುವುದಿಲ್ಲ, ಎಷ್ಟೋ ಸಲ ಮಧ್ಯದಲ್ಲಿ ನಿಂತಿರುತ್ತದೆ. ದೂರದಿಂದ ನೋಡಿದರೆ ಆನ್ ಇದ್ದ ಹಾಗೇ ಕಾಣುತ್ತದೆ. ಬೆರಳಿಟ್ಟು ಅಲುಗಿಸಿದರೆ ಸ್ವಲ್ಪ ಸಡಿಲ ಅನ್ನಿಸುತ್ತದೆ. ಅದನ್ನು ಆಫ್ ಕಡೆಗೆ ಗಟ್ಟಿಯಾಗಿ ಒತ್ತಿ, ಆಮೇಲೆ ಆನ್ ಮಾಡಿ. ಮತ್ತೆ ಬಿದ್ದರೆ ಪದೇ ಪದೇ ಹಾಕಬೇಡಿ, ಅಲ್ಲೇ ಬಿಟ್ಟು ಎಲೆಕ್ಟ್ರಿಷಿಯನ್ ಕರೆಯಿರಿ. ಹಳೆಯ ಬ್ರೇಕರ್ ಆದರೆ ಹಿಡಿ ಸರಿಯಾಗಿದ್ದೂ ಒಳಗೆ ಒಂದು ಕಡೆ ಸುಟ್ಟಿರಬಹುದು, ಅದು ವೋಲ್ಟ್ ಅಳೆಯುವ ಮೀಟರ್ ಹಿಡಿದರೆ ಮಾತ್ರ ಗೊತ್ತಾಗುವುದು. ಹಾಗೇ ಬಟ್ಟೆ ಡ್ರೈಯರ್ ಕರೆಂಟಿನದ್ದಾದರೆ ಅದನ್ನೂ ಹಾಕಿ ನೋಡಿ. ಅದೂ ಬಿಸಿಯಾಗ್ತಿಲ್ಲ, ಅರ್ಧ ಮನೆಯ ದೀಪಗಳೂ ಸರಿಯಿಲ್ಲ ಅಂದರೆ ತೊಂದರೆ ಓವನ್‌ನಲ್ಲಿಲ್ಲ, ಮನೆಗೆ ಬರುವ ಲೈನಿನಲ್ಲೇ ಇದೆ. ಕರೆಂಟ್ ಕಂಪನಿಗೆ ಫೋನ್ ಮಾಡಿ.

ಎರಡು ಓವನ್ನೂ ಒಟ್ಟಿಗೆ ನಿಂತಿವೆ ಅಂತ ಬರೆದಿದ್ದೀರಲ್ಲ, ನನಗೆ ಮುಖ್ಯ ಅನ್ನಿಸಿದ್ದು ಅದೇ. ಎರಡಕ್ಕೂ ಕಾಯಿಲ್ ಬೇರೆ, ಬಿಸಿ ಅಳೆಯುವ ಸೆನ್ಸರ್ ಬೇರೆ. ಒಂದೇ ದಿನ ಎರಡರದ್ದೂ ಸುಡುವುದು ತೀರಾ ಅಪರೂಪ. ಹಾಗಾಗಿ ಎರಡಕ್ಕೂ ಸೇರಿದ್ದೇನಿದೆ ಅಂತ ಹುಡುಕಬೇಕು.

ಬ್ರೇಕರ್ ಸರಿಯಿದ್ದರೆ ನನ್ನ ಅನುಮಾನ ಸೆಲ್ಫ್ ಕ್ಲೀನ್ ಮೇಲೆ. ಆಗ ಒಳಗೆ ಸುಮಾರು 900 ಡಿಗ್ರಿ ಫ್ಯಾರನ್‌ಹೀಟ್ ಆಗುತ್ತದೆ, ಅಂದರೆ 480 ಸೆಲ್ಸಿಯಸ್ ಹತ್ತಿರ. ಗೋಡೆಯೊಳಗೆ ಕೂತ ಓವನ್‌ಗೆ ಆ ಕಾವು ಹೊರಗೆ ಹೋಗಲು ಜಾಗ ಕಡಿಮೆ, ಕೂಲಿಂಗ್ ಫ್ಯಾನೇ ಗತಿ. ಅದು ನಿಧಾನವಾಗಿದ್ದರೆ, ಧೂಳು ಕಟ್ಟಿದ್ದರೆ, ಹಿಂದಿರುವ ಥರ್ಮಲ್ ಕಟ್‌ಆಫ್ (ಬಿಸಿ ಮಿತಿ ಮೀರಿದಾಗ ಕರೆಂಟ್ ಕಡಿಯುವ ಸುರಕ್ಷತಾ ಸ್ವಿಚ್, ಎರಡು ಓವನ್‌ಗೂ ಒಂದೇ ಇರಬಹುದು) ಬಿದ್ದು ಕಾಯಿಲ್‌ಗೆ ಕರೆಂಟ್ ನಿಲ್ಲಿಸುತ್ತದೆ. ಅದು ಚಿಕ್ಕ ಪಾರ್ಟು, ಬೋರ್ಡಿನ ಮುಂದೆ ಬೆಲೆ ಏನೂ ಅಲ್ಲ. ಕೆಲವು ಮಾಡೆಲ್‌ಗಳಲ್ಲಿ ಬಟನ್ ಒತ್ತಿದರೆ ಸರಿಹೋಗುತ್ತದೆ, ಕೆಲವದರಲ್ಲಿ ಬದಲಿಸಲೇಬೇಕು. ಆದರೆ ದಯವಿಟ್ಟು ಅದನ್ನು ತಪ್ಪಿಸಿ ನೇರ ವೈರ್ ಜೋಡಿಸಲು ಯಾರಿಗೂ ಬಿಡಬೇಡಿ. ಮನೆಗೆ ಬೆಂಕಿ ಬೀಳದಂತೆ ಕಾಯುತ್ತಿರುವುದೇ ಅದು. ಬದಲಿಸುವಾಗ ಫ್ಯಾನ್ ಹೇಗೆ ತಿರುಗುತ್ತಿದೆ ಅಂತಲೂ ನೋಡಿಸಿ, ಇಲ್ಲದಿದ್ದರೆ ಹೊಸದೂ ಹೋಗುತ್ತದೆ.

ಇದಕ್ಕೆ ನೀವೇ ಕೈ ಹಾಕಬೇಡಿ ಅನ್ನಲು ಎರಡು ಕಾರಣ. ಜೋಡಿ ಓವನ್ 100 ಕಿಲೋ ದಾಟುತ್ತದೆ, ಹೊರಗೆಳೆದಾಗ ಮುಂದಕ್ಕೆ ವಾಲುತ್ತದೆ. ಇನ್ನೊಂದು, ಇಲ್ಲಿ ಎರಡು ವೈರೂ ಕರೆಂಟ್ ಇರುವವೇ. ಓವನ್ ಆಫ್ ಮಾಡಿದರೂ ಕಾಯಿಲ್‌ನಲ್ಲಿ ಕರೆಂಟ್ ಉಳಿದಿರಬಹುದು. ಬ್ರೇಕರ್ ಇಳಿಸಿ, ಮೀಟರ್‌ನಲ್ಲಿ ನೋಡಿದ ಮೇಲೇ ಮುಟ್ಟಬೇಕು.

ಒಂದೇ ಓವನ್ ಕೆಟ್ಟವರಿಗೂ ಒಂದು ಮಾತು. ನಿಮ್ಮಲ್ಲಿ ಮೊದಲು ನೋಡಬೇಕಾದ್ದು ಕೆಳಗಿನ ಕಾಯಿಲ್. ಸುಟ್ಟ ಕಡೆ ಗುಳ್ಳೆ ಎದ್ದಂತೆ ಉಬ್ಬಿರುತ್ತದೆ, ಇಲ್ಲವೇ ಬಿರುಕು ಬಿಟ್ಟಿರುತ್ತದೆ. ಅದು ಚೆನ್ನಾಗಿದ್ದರೆ ಹಿಂಗೋಡೆಯ ಪೆನ್ಸಿಲ್‌ನಂಥ ಸೆನ್ಸರ್. ಬಹುತೇಕ ಓವನ್‌ಗಳಲ್ಲಿ ಅದು ತಣ್ಣಗಿದ್ದಾಗ 1,100 ಓಮ್ ಆಸುಪಾಸು ತೋರಿಸಬೇಕು. ಬೋರ್ಡಿನ ಸರದಿ ಇವೆಲ್ಲ ಆದ ಮೇಲೆ.

ನಿಮ್ಮ ಖಾರಾ ಬನ್‌ಗೆ ಸದ್ಯಕ್ಕೆ ಚಿಕ್ಕ ಟೋಸ್ಟರ್ ಓವನ್ ಸಾಕು. ಅದು 120 ವೋಲ್ಟಿನದ್ದು, ಮಾಮೂಲಿ ಪ್ಲಗ್‌ನಲ್ಲೇ ಬಿಸಿಯಾಗುತ್ತದೆ. ಒಂದು ಸಲಕ್ಕೆ ಆರು ಬನ್ ಹಿಡಿಯಬಹುದು, ಹಿಟ್ಟಿನ ಉಳಿದ ಭಾಗವನ್ನು ಫ್ರಿಜ್‌ನಲ್ಲಿಡಿ, ಇಲ್ಲದಿದ್ದರೆ ಜಾಸ್ತಿ ಹುಳಿ ಬರುತ್ತದೆ.