ಶಿಷ್ಯವೇತನ ಕೇಳುವುದು ದುರಾಸೆಯಲ್ಲ

ಪ್ರಶ್ನೆ: ಮಾನ್ಯರೇ, ನಾನು 2024ರಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದೇನೆ. ಬೆಂಗಳೂರಿನ ಖಾಸಗಿ ಸಂಸ್ಥೆಯೊಂದು ಆರು ತಿಂಗಳ ಡಿಸೈನ್ ಇಂಟರ್ನ್‌ಶಿಪ್ ಕೊಡುವುದಾಗಿ ಹೇಳಿದೆ. ಆದರೆ ಮೊದಲು 25,000 ರೂಪಾಯಿ ಕಟ್ಟಬೇಕಂತೆ, ನಾಲ್ಕನೆಯ ತಿಂಗಳಿನಿಂದ ಸ್ಟೈಪೆಂಡ್ ಕೊಡುತ್ತಾರಂತೆ. ಇದೇ ಹೊತ್ತಿಗೆ ಸಾರ್ವಜನಿಕ ಉದ್ದಿಮೆಯೊಂದರ ಪದವೀಧರ ಅಪ್ರೆಂಟಿಸ್ (ಕೆಲಸ ಮಾಡುತ್ತಲೇ ತರಬೇತಿ ಪಡೆಯುವವರ) ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ‘ಅಪ್ರೆಂಟಿಸ್ ಅಂದರೆ ಐಟಿಐ ಹುಡುಗರಿಗೆ, ಬಿ.ಇ. ಓದಿ ಅಲ್ಲಿಗೆ ಹೋಗ್ತೀಯಾ’ ಎಂದು ಮನೆಯಲ್ಲಿ ಬೇಸರಪಟ್ಟುಕೊಂಡಿದ್ದಾರೆ. ಏನು ಮಾಡಲಿ?
— ಓದುಗ, ಹಾಸನ

ಉತ್ತರ: ಮೊದಲನೆಯದನ್ನು ಇಂದೇ ಬಿಟ್ಟುಬಿಡಿ. ತರಬೇತಿ ಕೊಡುವ ಸಂಸ್ಥೆ ನಿಮ್ಮ ದುಡಿಮೆಯನ್ನು ಪಡೆಯುತ್ತದೆ, ಅದಕ್ಕೆ ಪ್ರತಿಯಾಗಿ ವಿದ್ಯೆಯನ್ನೂ ಒಂದಿಷ್ಟು ಹಣವನ್ನೂ ಕೊಡುತ್ತದೆ. ಹಣ ನಿಮ್ಮ ಜೇಬಿನಿಂದ ಅವರ ಕಡೆಗೆ ಹರಿಯುವುದಾದರೆ ಅದು ಕೋಚಿಂಗ್ ಆಗುತ್ತದೆಯೇ ಹೊರತು ಇಂಟರ್ನ್‌ಶಿಪ್ ಆಗುವುದಿಲ್ಲ. ಕೋಚಿಂಗ್ ತಪ್ಪೇನಲ್ಲ, ಆದರೆ ಅದನ್ನು ಅದೇ ಹೆಸರಿನಲ್ಲಿ ಮಾರಬೇಕು. ನಾಲ್ಕನೆಯ ತಿಂಗಳಿನಿಂದ ಸ್ಟೈಪೆಂಡ್ ಎಂಬ ಮಾತಿಗೂ ಬರಹದ ಆಧಾರವಿದೆಯೇ ಎಂದು ಕೇಳಿ ನೋಡಿ; ಬಹುಶಃ ಇರಲಾರದು.

ಇನ್ನು ಮನೆಯವರ ಬೇಸರದ ಮಾತು. ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ, ಆಗ ಅದು ಮುಖ್ಯವಾಗಿ ಐಟಿಐ ಕಸುಬುಗಳಿಗೆ ಸಂಬಂಧಿಸಿತ್ತು ಎಂಬುದು ನಿಜ. ಆದರೆ 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಅದರೊಳಗೆ ಬಂದರು, 2014ರ ತಿದ್ದುಪಡಿಯಿಂದ ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಓದಿದವರಿಗೂ ಬಾಗಿಲು ತೆರೆಯಿತು. ಹೀಗಿರುವಾಗ ಪದವೀಧರ ಅಪ್ರೆಂಟಿಸ್ ಎಂಬುದು ಐವತ್ತು ವರ್ಷ ದಾಟಿದ ವ್ಯವಸ್ಥೆ. ನಿಮ್ಮ ತಂದೆಯವರ ತಲೆಮಾರಿನ ಎಷ್ಟೋ ಎಂಜಿನಿಯರುಗಳು ಬೆಂಗಳೂರಿನ ದೊಡ್ಡ ಕಾರ್ಖಾನೆಗಳನ್ನು ಮೊದಲು ಪ್ರವೇಶಿಸಿದ್ದೇ ಈ ಬಾಗಿಲಿನಿಂದ.

ಇದರಲ್ಲಿ ಶಿಷ್ಯವೇತನ, ಅಂದರೆ ಸ್ಟೈಪೆಂಡ್, ಎನ್ನುವುದು ಮಾಲೀಕರು ಮನಸ್ಸು ಬಂದಾಗ ಕೊಡುವ ಉಡುಗೊರೆಯಲ್ಲ. 2019ರಲ್ಲಿ ತಿದ್ದಿದ ನಿಯಮಗಳು ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ ಕನಿಷ್ಠ 8,000 ರೂಪಾಯಿ ಎಂದು ನಿಗದಿ ಮಾಡಿದವು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಡಿ ಆ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಅದಕ್ಕಿಂತ ಹೆಚ್ಚು ಕೊಡಲು ಸಂಸ್ಥೆಗೆ ಯಾವ ಅಡ್ಡಿಯೂ ಇಲ್ಲ, ಆದ್ದರಿಂದ ನಿಮ್ಮ ಆಯ್ಕೆಪತ್ರದಲ್ಲಿ ಎಷ್ಟು ಬರೆದಿದ್ದಾರೆ ಎಂಬುದನ್ನು ನೋಡಿಕೊಳ್ಳಿ. 9,000 ರೂಪಾಯಿ ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ ಮತ್ತು ಬಸ್ ಪಾಸಿಗೆ ಸರಿಹೋಗುತ್ತದೆ, ಉಳಿತಾಯಕ್ಕೆ ಏನೂ ಉಳಿಯುವುದಿಲ್ಲ. ಮನೆಯಿಂದ ಸ್ವಲ್ಪ ನೆರವು ಬೇಕಾಗಬಹುದು ಎಂಬುದನ್ನು ತಂದೆತಾಯಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸೇರುವ ದಿನ ಕೇಳಬೇಕಾದ ಪ್ರಶ್ನೆ ಹಣದ್ದಲ್ಲ, ವಿಭಾಗದ್ದು. ಒಂದು ವರ್ಷವನ್ನು ಟೂಲ್ ರೂಮ್, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಪ್ರೋಗ್ರಾಮಿಂಗ್, ಗುಣಮಟ್ಟ ಪರೀಕ್ಷೆ, ಜೋಡಣೆ ಎಂದು ಹಂಚುತ್ತಾರೆಯೇ, ಅಥವಾ ಹನ್ನೆರಡು ತಿಂಗಳೂ ಕಡತಗಳ ಮುಂದೆ ಕೂರಿಸುತ್ತಾರೆಯೇ ಎಂದು ವಿನಯದಿಂದಲೇ ಕೇಳಿ. ನಾನು ಕಂಡ ಮಟ್ಟಿಗೆ, ಪರೀಕ್ಷಾ ವಿಭಾಗದಲ್ಲಿ ನಾಲ್ಕು ತಿಂಗಳು ಅಳತೆಯ ಉಪಕರಣಗಳ ಜೊತೆ ಕಳೆದ ಹುಡುಗನಿಗೆ ಡ್ರಾಯಿಂಗ್ ಓದುವ ಕಣ್ಣು ಬಂದಿರುತ್ತದೆ, ಮುಂದಿನ ಸಂದರ್ಶನದಲ್ಲಿ ಅವನ ಉತ್ತರಗಳ ರೀತಿಯೇ ಬೇರೆ ಇರುತ್ತದೆ. ಮಾಡಿದ ಕೆಲಸದ ದಿನಚರಿಯನ್ನು ತಪ್ಪದೆ ಬರೆಯಿರಿ, ಯಾವ ಯಂತ್ರ, ಯಾವ ಬಿಡಿಭಾಗ, ಎಲ್ಲಿ ತಪ್ಪಾಯಿತು, ಹೇಗೆ ಸರಿಪಡಿಸಿದರು ಎಂಬ ವಿವರದೊಡನೆ. ವರ್ಷದ ಕೊನೆಗೆ ಸಿಗುವ ಪ್ರಾವೀಣ್ಯ ಪ್ರಮಾಣಪತ್ರಕ್ಕಿಂತ ಆ ಪುಸ್ತಕ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದು ವಿಷಯದಲ್ಲಿ ಭ್ರಮೆ ಬೇಡ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಡ್ಡಾಯವನ್ನು ಕಾಯ್ದೆ ಸಂಸ್ಥೆಯ ಮೇಲೆ ಹೇರಿಲ್ಲ. ಆ ವರ್ಷದಲ್ಲೇ ಬೇರೆ ಕಡೆಯ ಅರ್ಜಿಗಳನ್ನೂ ಹಾಕುತ್ತಿರಿ.

ಪ್ರಶ್ನೆ: ನಾನು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದೇನೆ, ರಸಾಯನಶಾಸ್ತ್ರ ನನಗೆ ಬಹಳ ಇಷ್ಟ. ಪ್ರಯೋಗಾಲಯದಲ್ಲಿ ನಿಜವಾದ ಸಂಶೋಧನೆ ಹೇಗೆ ನಡೆಯುತ್ತದೆ ಎಂದು ನೋಡುವ ಆಸೆ. ನಮ್ಮದು ಸಣ್ಣ ಊರಿನ ಕಾಲೇಜು. ರಜೆಯಲ್ಲಿ ಹಣ ಕೊಟ್ಟು ತರಬೇತಿ ಪಡೆಯುವ ಶಕ್ತಿ ನಮ್ಮ ಮನೆಯಲ್ಲಿಲ್ಲ.
— ವಿದ್ಯಾರ್ಥಿನಿ, ಧಾರವಾಡ ಜಿಲ್ಲೆ

ಉತ್ತರ: ನೀವು ಹಣ ಕೊಡಬೇಕಾಗಿಲ್ಲ, ನಿಮಗೇ ಕೊಡುತ್ತಾರೆ. ಇದು ನಮ್ಮ ಸಣ್ಣ ಊರುಗಳ ಕಾಲೇಜುಗಳಿಗೆ ಇನ್ನೂ ಸರಿಯಾಗಿ ತಲುಪದ ಸುದ್ದಿ ಎಂಬುದೇ ನನ್ನ ನೋವು.

ಸಿ.ವಿ. ರಾಮನ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿ ಮತ್ತು ಪ್ರಯಾಗರಾಜ್‌ಗಳಲ್ಲಿರುವ ಇನ್ನೆರಡು ವಿಜ್ಞಾನ ಅಕಾಡೆಮಿಗಳೊಂದಿಗೆ ಸೇರಿ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತಾ ಬಂದಿದೆ. ಆಯ್ಕೆಯಾದವರು ಸುಮಾರು ಎರಡು ತಿಂಗಳು ದೇಶದ ಯಾವುದಾದರೊಂದು ಸಂಶೋಧನಾ ಸಂಸ್ಥೆಯಲ್ಲಿ ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡುತ್ತಾರೆ. ತಿಂಗಳ ಫೆಲೋಶಿಪ್ ಹಣದ ಜೊತೆಗೆ ಹೋಗಿಬರುವ ರೈಲಿನ ಖರ್ಚೂ ಸಿಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಇಂಥದೇ ಬೇಸಿಗೆ ಫೆಲೋಶಿಪ್ ಇದೆ. ಅದಲ್ಲದೆ ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆಂದೇ, ಮೂರು ಬೇಸಿಗೆಗಳಲ್ಲಿ ಮುಂದುವರಿಯುವ ರಸಾಯನಶಾಸ್ತ್ರ ಮತ್ತು ಜೀವವಿಜ್ಞಾನದ ಕಾರ್ಯಕ್ರಮಗಳನ್ನು ಅದು ನಡೆಸಿಕೊಂಡು ಬಂದಿದೆ. ಯಾವ ವರ್ಷದವರು ಅರ್ಜಿ ಹಾಕಬಹುದು ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಇಂಥ ಅರ್ಜಿಗಳು ಬೇಸಿಗೆಗೆ ಎಷ್ಟೋ ತಿಂಗಳು ಮೊದಲೇ ಮುಗಿದುಹೋಗುತ್ತವೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿ ಹುಡುಕಲು ಹೊರಟವರಿಗೆ ಏನೂ ಸಿಗದಿರುವುದು ಇದೇ ಕಾರಣಕ್ಕೆ. ದೀಪಾವಳಿಯ ಹೊತ್ತಿಗೇ ಆಯಾ ಸಂಸ್ಥೆಯ ಜಾಲತಾಣವನ್ನು ನೋಡಲು ಶುರು ಮಾಡಿ, ಶಿಫಾರಸು ಪತ್ರಕ್ಕೆ ನಿಮ್ಮ ಅಧ್ಯಾಪಕರೊಬ್ಬರನ್ನು ಈಗಲೇ ಕೇಳಿಟ್ಟುಕೊಳ್ಳಿ. ಅರ್ಜಿಯ ಜೊತೆಗಿನ ಟಿಪ್ಪಣಿಯಲ್ಲಿ ‘ನನಗೆ ಸಂಶೋಧನೆಯಲ್ಲಿ ಅಪಾರ ಆಸಕ್ತಿ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ನಿಮ್ಮ ಕಾಲೇಜಿನ ಟೈಟ್ರೇಶನ್‌ನಲ್ಲಿ ಯಾವ ಫಲಿತಾಂಶ ನಿಮ್ಮನ್ನು ಗೊಂದಲಕ್ಕೆ ಕೆಡವಿತು, ಅದರ ಹಿಂದೆ ಹೋಗಿ ನೀವು ಏನು ಓದಿದಿರಿ ಎಂದು ಬರೆಯಿರಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು, ಅಲಂಕಾರ ಬೇಕಿಲ್ಲ. ಮೊದಲ ವರ್ಷ ಆಯ್ಕೆಯಾಗದಿದ್ದರೆ ಮರುವರ್ಷ ಮತ್ತೆ ಹಾಕಿ. ಎರಡನೆಯ ಬಾರಿಗೆ ಆಯ್ಕೆಯಾದವರನ್ನು ನಾನು ಬಲ್ಲೆ.

ಪ್ರಶ್ನೆ: ನಮ್ಮದು ಕೃಷಿಕ ಕುಟುಂಬ. ಮಗಳಿಗೆ 22 ವರ್ಷ, ಬಿ.ಕಾಂ. ಮುಗಿಸಿದ್ದಾಳೆ. ಪ್ರಧಾನಮಂತ್ರಿ ಇಂಟರ್ನ್‌ಶಿಪ್, ಅಪ್ರೆಂಟಿಸ್, ಯುವನಿಧಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದಕ್ಕೆ ಹಾಕಿಸಲಿ?
— ತಂದೆ, ಕೊಪ್ಪಳ

ಉತ್ತರ: ಈ ಮೂರರಲ್ಲಿ ಯಾವುದನ್ನು ಮೊದಲು ಹಿಡಿಯುತ್ತೀರಿ ಎಂಬುದರ ಮೇಲೆ ಉಳಿದದ್ದು ನಿಂತಿದೆ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದಾಗ ಅದು 21ರಿಂದ 24 ವರ್ಷದೊಳಗಿನ, ಪೂರ್ಣಾವಧಿ ಓದಿನಲ್ಲೂ ಕೆಲಸದಲ್ಲೂ ಇಲ್ಲದ ಯುವಜನರಿಗೆ ಮೀಸಲಾಗಿತ್ತು. ಕುಟುಂಬದ ಯಾರೊಬ್ಬರ ವಾರ್ಷಿಕ ಆದಾಯವೂ 8 ಲಕ್ಷ ರೂಪಾಯಿ ಮೀರಿರಬಾರದು, ಮನೆಯಲ್ಲಿ ಕಾಯಂ ಸರ್ಕಾರಿ ನೌಕರರು ಇರಬಾರದು ಎಂಬ ಷರತ್ತುಗಳಿದ್ದವು. ದೊಡ್ಡ ಕಂಪನಿಯಲ್ಲಿ ಹನ್ನೆರಡು ತಿಂಗಳ ಅನುಭವ, ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಮ್ಮೆ 6,000 ರೂಪಾಯಿ ಎಂದು ನಿಗದಿಯಾಗಿತ್ತು. ಅರ್ಜಿ ಹಾಕುವ ದಿನದ ಷರತ್ತುಗಳನ್ನು ಪೋರ್ಟಲ್‌ನಲ್ಲಿ ಮತ್ತೊಮ್ಮೆ ಓದಿಕೊಳ್ಳಿ. ಸರ್ಕಾರಿ ಯೋಜನೆಯಡಿ ಈಗಾಗಲೇ ಅಪ್ರೆಂಟಿಸ್ ಆದವರು ಇದಕ್ಕೆ ಅನರ್ಹರು ಎಂಬ ಷರತ್ತೂ ಅದರಲ್ಲಿತ್ತು. ಅಪ್ರೆಂಟಿಸ್ ಆಗಿ ಬಂದ ಮೇಲೆ ಇದಕ್ಕೆ ಹಾಕೋಣ ಎಂದುಕೊಂಡರೆ ಈ ಬಾಗಿಲು ಮುಚ್ಚಿರುತ್ತದೆ.

ನನ್ನನ್ನು ಕೇಳಿದರೆ, ಲೆಕ್ಕಪತ್ರವನ್ನೇ ವೃತ್ತಿಯಾಗಿ ಹಿಡಿಯುವ ಮನಸ್ಸು ಅವಳಿಗಿದ್ದರೆ ಪದವೀಧರ ಅಪ್ರೆಂಟಿಸ್ ಆಗಲಿ. ಅದರ ಕನಿಷ್ಠ ವೇತನವೂ ಹೆಚ್ಚು, ಬರಹದ ಒಪ್ಪಂದವೂ ಇರುತ್ತದೆ. ಸಿ.ಎ. ಮಾಡುವ ಛಲವಿದ್ದರೆ ಅಲ್ಲಿನ ಆರ್ಟಿಕಲ್‌ಶಿಪ್ (ಸಿ.ಎ. ಒಬ್ಬರ ಕೈಕೆಳಗಿನ ಕಡ್ಡಾಯ ಕಲಿಕೆ) ಕೂಡ ಶಿಷ್ಯವೇತನವಿರುವ ತರಬೇತಿಯೇ, 2023ರ ಹೊಸ ವ್ಯವಸ್ಥೆಯಲ್ಲಿ ಅದರ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಯುವನಿಧಿ ಇವುಗಳ ಸಾಲಿಗೆ ಸೇರುವುದಿಲ್ಲ. ಅದು ಪದವಿಯ ನಂತರ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಗರಿಷ್ಠ ಎರಡು ವರ್ಷ ತಿಂಗಳಿಗೆ 3,000 ರೂಪಾಯಿ ಕೊಡುವ ಭತ್ಯೆ, ಅಪ್ರೆಂಟಿಸ್ ವೇತನ ಪಡೆಯುವವರಿಗೆ ಸಲ್ಲುವುದಿಲ್ಲ. ತರಬೇತಿ ಸಿಕ್ಕ ತಿಂಗಳೇ ಅದನ್ನು ನಿಲ್ಲಿಸಲು ತಿಳಿಸಿಬಿಡಿ. 3,000 ರೂಪಾಯಿ ತಪ್ಪುತ್ತದೆಂದು ಮಗಳನ್ನು ಮನೆಯಲ್ಲೇ ಉಳಿಸಿಕೊಳ್ಳಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಈ ವಯಸ್ಸಿನ ಒಂದು ವರ್ಷದ ಕೆಲಸದ ಅನುಭವವನ್ನು ಆಮೇಲೆ ಯಾವ ಭತ್ಯೆಯೂ ತುಂಬಿಕೊಡಲಾರದು.

ಪ್ರಶ್ನೆ: ಡಿಪ್ಲೊಮಾ ಅಪ್ರೆಂಟಿಸ್ ಆಗಿ ಎಂಟು ತಿಂಗಳಾಯಿತು. ಪಾಳಿ ಮುಗಿದ ಮೇಲೂ ಎರಡು ಮೂರು ಗಂಟೆ ನಿಲ್ಲಿಸಿಕೊಳ್ಳುತ್ತಾರೆ. ಕೇಳಿದರೆ ‘ನೀನು ಕಾರ್ಮಿಕನಲ್ಲ, ನಿನಗೆ ಕಾನೂನಿಲ್ಲ’ ಎನ್ನುತ್ತಾರೆ.
— ಓದುಗ, ಶಿವಮೊಗ್ಗ

ಉತ್ತರ: ಅವರ ಮಾತಿನ ಮೊದಲರ್ಧ ಸರಿ, ಎರಡನೆಯದು ಸುಳ್ಳು. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ತರಬೇತಿಯಲ್ಲಿರುವವನೇ ಹೊರತು ಕಾರ್ಮಿಕನಲ್ಲ. ಹಾಗಾಗಿ ಭವಿಷ್ಯನಿಧಿಯಂಥ ಸೌಲಭ್ಯಗಳು ನಿಮಗೆ ಅನ್ವಯಿಸುವುದಿಲ್ಲ. ಆದರೆ ಅದೇ ಕಾಯ್ದೆ, ಅದರಡಿ ನೇಮಕವಾದ ಸರ್ಕಾರಿ ಅಧಿಕಾರಿಯಾದ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ ಎನ್ನುತ್ತದೆ. ಕಾರ್ಖಾನೆಯ ಆರೋಗ್ಯ, ಸುರಕ್ಷತೆ, ಕ್ಷೇಮದ ನಿಯಮಗಳನ್ನು ನಿಮಗೂ ಅನ್ವಯಿಸುತ್ತದೆ, ಕೆಲಸದ ವೇಳೆ ಗಾಯವಾದರೆ ಪರಿಹಾರದ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುತ್ತದೆ. ನಿಲ್ಲಿಸಿಕೊಂಡ ದಿನಾಂಕ ಮತ್ತು ಗಂಟೆಗಳನ್ನು ಬರೆದಿಟ್ಟುಕೊಳ್ಳಿ. ಮೊದಲು ತರಬೇತಿ ಅಧಿಕಾರಿಗೆ ಇಮೇಲ್ ಮೂಲಕ ತಿಳಿಸಿ. ಹದಿನೈದು ದಿನದಲ್ಲಿ ಬದಲಾಗದಿದ್ದರೆ, ಕರ್ನಾಟಕವನ್ನೂ ಒಳಗೊಂಡ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ ಚೆನ್ನೈನಲ್ಲಿದೆ, ಅಲ್ಲಿಗೆ ನಿಮ್ಮ ಒಪ್ಪಂದದ ನೋಂದಣಿ ಸಂಖ್ಯೆ ನಮೂದಿಸಿ ದೂರು ಕಳುಹಿಸಿ. ಸಿಟ್ಟಿನಲ್ಲಿ ಹೇಳದೆ ಕೇಳದೆ ಬಿಟ್ಟು ಬರಬೇಡಿ, ಒಪ್ಪಂದ ಮುರಿದ ತಪ್ಪು ಆಗ ನಿಮ್ಮ ಮೇಲೆ ಬರುತ್ತದೆ. ಇನ್ನು ನಾಲ್ಕೇ ತಿಂಗಳು ಉಳಿದಿದೆ, ಪ್ರಮಾಣಪತ್ರ ಕೈಯಲ್ಲಿ ಹಿಡಿದೇ ಹೊರಬನ್ನಿ.