ಆದೇಶ ಬಾಯಲ್ಲಿ, ಸಹಿ ನಿಮ್ಮದು

ಸಂಪಾದಕರ ಉತ್ತರ

ಈ ಪತ್ರ ಬರೆದವರು ಬೆಂಗಳೂರಿನ ಪೊಲೀಸ್ ಠಾಣೆಯೊಂದರಲ್ಲಿ ಎಎಸ್‌ಐ, ಅಂದರೆ ಸಹಾಯಕ ಸಬ್ ಇನ್‌ಸ್ಪೆಕ್ಟರ್ ಆಗಿದ್ದವರು. ತಮ್ಮ ಹೆಸರು, ಠಾಣೆಯ ಹೆಸರು ಯಾವುದೂ ಬೇಡ ಅಂದಿದ್ದಾರೆ. ಪತ್ರದ ಸಾರ ಇಷ್ಟು. ಕಳ್ಳತನದ ಅನುಮಾನದ ಮೇಲೆ ಕರೆತಂದ ಹುಡುಗನೊಬ್ಬನನ್ನು ಎರಡು ರಾತ್ರಿ ಠಾಣೆಯಲ್ಲೇ ಇಟ್ಟುಕೊಂಡರು. 'ಸದ್ಯಕ್ಕೆ ಎಂಟ್ರಿ ಮಾಡಬೇಡಿ', ಅಂದರೆ ಠಾಣೆಯ ದಾಖಲೆಯಲ್ಲಿ ಬರೆಯಬೇಡಿ, ಅಂತ ಮೇಲಿನ ಅಧಿಕಾರಿ ಫೋನಿನಲ್ಲಿ ಹೇಳಿದ್ದರು. ಆ ಎರಡೂ ರಾತ್ರಿ ಠಾಣೆಯ ಚಾರ್ಜ್ ಇವರದು. ಹುಡುಗನ ಕೈ ಮುರಿದಿತ್ತು, ಆಸ್ಪತ್ರೆ ಸೇರಿದ, ದೂರು ದಾಖಲಾಯಿತು. ಇವರೂ ಒಬ್ಬ ಕಾನ್‌ಸ್ಟೆಬಲ್ಲೂ ಜೈಲು ಸೇರಿದರು. ನಾಲ್ಕು ತಿಂಗಳ ನಂತರ ಜಾಮೀನು ಸಿಕ್ಕಿತು. ವರ್ಷಗಳು ಕಳೆದ ಮೇಲೆ ಕೋರ್ಟು ಸಂಶಯದ ಲಾಭ ಕೊಟ್ಟು ಬಿಟ್ಟಿತು. ಅಷ್ಟರಲ್ಲಿ ಅಮಾನತಿನಲ್ಲಿದ್ದಾಗಲೇ ನಿವೃತ್ತಿಯೂ ಆಗಿಹೋಗಿತ್ತು. 'ಜೀವನವನ್ನೇ ಕೊಟ್ಟ ಇಲಾಖೆ ನನ್ನನ್ನು ನಡುನೀರಿನಲ್ಲಿ ಕೈಬಿಟ್ಟಿತು. ಇದು ದ್ರೋಹ ಅಲ್ಲದಿದ್ದರೆ ಇನ್ನೇನು?' ಎಂದು ಕೇಳಿದ್ದಾರೆ.

ಆತ್ಮೀಯರೇ,

ನಿಮ್ಮ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹೌದು, ನಿಮಗೆ ದ್ರೋಹ ಆಗಿದೆ. ಆದರೆ ನಿಮ್ಮನ್ನು ಬಂಧಿಸಿದ್ದು ದ್ರೋಹ ಅಲ್ಲ. ನಿಮ್ಮ ಪತ್ರದಲ್ಲಿ ಇವೆರಡೂ ಕಲಸಿಹೋಗಿವೆ. ಅದನ್ನು ಬಿಡಿಸಿ ಹೇಳಿದರೆ ನಿಮಗೆ ನೋವಾಗಬಹುದು. ಆದರೂ ಸುಮ್ನೆ ಸಮಾಧಾನದ ನಾಲ್ಕು ಮಾತು ಬರೆದು ಕಳಿಸಲು ನನಗೆ ಮನಸ್ಸು ಬರಲಿಲ್ಲ.

ಆ ಫೋನಿನಿಂದಲೇ ಶುರುಮಾಡೋಣ. ಠಾಣೆಯ ಕೆಲಸ ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ಉಳಿದ ಓದುಗರಿಗಾಗಿ ಹೇಳುತ್ತೇನೆ. ಯಾರನ್ನು ಎಷ್ಟು ಹೊತ್ತಿಗೆ ಕರೆತಂದರು, ಯಾರು ಡ್ಯೂಟಿಗೆ ಬಂದರು, ಯಾರು ಹೊರಗೆ ಹೋದರು, ಎಲ್ಲವೂ ಠಾಣಾ ದಿನಚರಿಯಲ್ಲಿ ಇರಬೇಕು. ಅದನ್ನು ಬರೆಯುವವರು ಠಾಣೆಯ ಕಾಗದಪತ್ರ ನೋಡಿಕೊಳ್ಳುವ ರೈಟರ್, ಹೆಡ್ ಕಾನ್‌ಸ್ಟೆಬಲ್, ಎಎಸ್‌ಐ. ಆದೇಶ ಬರುವುದು ಮೇಲಿನಿಂದ, ಅದೂ ಬಾಯಿಮಾತಿನಲ್ಲಿ. ಕಾಗದದ ಮೇಲಿನ ಸಹಿ ಮಾತ್ರ ಕೆಳಗಿನವರದು. ಕಳ್ಳ ಸಿಕ್ಕಿ ಮಾಲು ಸಿಕ್ಕಿದರೆ ಪತ್ರಕರ್ತರ ಮುಂದೆ ಮೇಲಿನವರು ಕೂರುತ್ತಾರೆ. ಎಡವಟ್ಟಾದ ದಿನ, ಆ ರಾತ್ರಿ ಚಾರ್ಜ್ ಯಾರದಿತ್ತು ಅಂತ ಹುಡುಕುತ್ತಾರೆ. ನಿಮ್ಮ ಸಾಹೇಬರು ಕೋರ್ಟಿನಲ್ಲಿ ನಿಂತು 'ಈ ವಿಷಯ ನನ್ನ ಗಮನಕ್ಕೆ ಬಂದೇ ಇರಲಿಲ್ಲ' ಅಂದರು ಅಂತ ಬರೆದಿದ್ದೀರಿ. ನಿಜವಾದ ದ್ರೋಹ ಅದು. ಅದಕ್ಕೆ ಬೇರೆ ಹೆಸರು ಹುಡುಕಬೇಕಿಲ್ಲ. ನಿಮ್ಮಿಂದ ಕೆಲಸ ಮಾಡಿಸಿಕೊಂಡ ಮನುಷ್ಯ, ಅದರ ಹೊಣೆ ಹೊರುವ ಹೊತ್ತಿಗೆ ನಿಮ್ಮ ಪರಿಚಯವೇ ಇಲ್ಲದವರ ಹಾಗೆ ನಡೆದುಕೊಂಡರು.

ಆದರೆ ಆ ಮಾತನ್ನು ಪಾಲಿಸಲೇಬೇಕು ಅಂತ ನಿಮಗೆ ಯಾವ ಕಾನೂನೂ ಹೇಳಿರಲಿಲ್ಲ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಅಂತ ಸಂವಿಧಾನದ 22ನೇ ವಿಧಿ ಹೇಳುತ್ತದೆ. 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 11 ಸೂಚನೆಗಳನ್ನು ಕೊಟ್ಟಿತು. ಬಂಧನದ ಮೆಮೊಗೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ಇದೆಲ್ಲ ನಿಮಗೆ ಬಾಯಿಪಾಠ ಇದ್ದೇ ಇರುತ್ತದೆ. ಇನ್ನು ಹೊಡೆತದ ವಿಚಾರ. ತಪ್ಪೊಪ್ಪಿಸಲು ಹೊಡೆಯುವುದು 1860ರ ದಂಡ ಸಂಹಿತೆಯ 330ನೇ ಸೆಕ್ಷನ್. ಆ ಸೆಕ್ಷನ್ನಿಗೆ ಕಾನೂನು ಬರೆದವರು ಕೊಟ್ಟ ಮೊದಲ ಉದಾಹರಣೆಯೇ ಪೊಲೀಸ್ ಅಧಿಕಾರಿಯದು. ಮೂಳೆ ಮುರಿದರೆ 331, ಹತ್ತು ವರ್ಷದವರೆಗೆ ಶಿಕ್ಷೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇವು 120ನೇ ಸೆಕ್ಷನ್ ಆಗಿ ಉಳಿದಿವೆ. ಮೇಲಿನವರು ಹೇಳಿದರು ಅನ್ನುವುದು ರಕ್ಷಣೆ ಆಗಬೇಕಾದರೆ, ಅವರು ಹೇಳಿದ್ದು ಕಾನೂನಿಗೆ ಸರಿಯಾಗಿರಬೇಕು. 'ಎಂಟ್ರಿ ಮಾಡಬೇಡಿ' ಅನ್ನುವುದು ಯಾವ ಕಾನೂನಿಗೂ ಸರಿಯಲ್ಲ.

ನಾನು ಅವನ ಮೈ ಮುಟ್ಟಲಿಲ್ಲ ಅಂತ ಬರೆದಿದ್ದೀರಿ. ನಂಬುತ್ತೇನೆ. ಆದರೆ ಇಷ್ಟು ಉದ್ದದ ಪತ್ರದಲ್ಲಿ ಆ ಹುಡುಗನ ಬಗ್ಗೆ ಎರಡೇ ಸಾಲು ಇವೆ. ಎರಡರಲ್ಲೂ ಅವನು 'ಆರೋಪಿ'. ಅವನ ಮನೆಯವರಿಗೆ ವಿಷಯ ತಿಳಿದದ್ದು ಯಾವಾಗ? ಆ ಕಳ್ಳತನದ ಕೇಸು ಕೊನೆಗೆ ಏನಾಯಿತು? ಅವನ ಕೈ ಸರಿಹೋಯಿತಾ? ನಿಮ್ಮ ಕೇಸಿನಲ್ಲಿ ಸಂಶಯದ ಲಾಭ ನಿಮಗೆ ಸಿಕ್ಕಿತು, ಕಾನೂನಿನ ಪ್ರಕಾರ ಅದು ಸರಿ. ಆದರೆ ಒಂದು ಕೈ ಮುರಿದದ್ದರಲ್ಲಿ ಸಂಶಯ ಇಲ್ಲ. ಠಾಣೆಯ ನಾಲ್ಕು ಗೋಡೆಯೊಳಗೆ ಅದು ಮುರಿಯಿತು. ಯಾರು ಮುರಿದರು ಅಂತ ಇವತ್ತಿಗೂ ಯಾವ ದಾಖಲೆಯಲ್ಲೂ ಇಲ್ಲ. ನಿಮಗೆ ಇಲಾಖೆಯ ಮೇಲೆ ಒಂದು ನಂಬಿಕೆ ಇತ್ತು ಅನ್ನುತ್ತೀರಿ. ಠಾಣೆಯ ಮೆಟ್ಟಿಲು ಹತ್ತಿದ ಆ ಹುಡುಗನಿಗೂ, ಬೆಳಿಗ್ಗೆ ಮನೆಗೆ ಹೋಗುತ್ತೇನೆ ಅನ್ನುವಷ್ಟಾದರೂ ನಂಬಿಕೆ ಇದ್ದಿರಬೇಕು, ಅಲ್ವಾ? ನಿಮ್ಮ ದುಃಖವನ್ನು ಚಿಕ್ಕದು ಮಾಡಲು ಇದನ್ನು ಹೇಳುತ್ತಿಲ್ಲ. ಆ ಹುಡುಗನನ್ನು ಬಿಟ್ಟು ನಿಮ್ಮ ಕಥೆ ಹೇಳಿದರೆ, ನಿಮಗೆ ಆದ ಅನ್ಯಾಯವೂ ಅರ್ಧವೇ ಅರ್ಥವಾಗುತ್ತದೆ. ಅವನ ಕೈಗೂ ನಿಮ್ಮ ಜೈಲಿಗೂ ಕಾರಣ ಒಂದೇ. ಆ ಎರಡು ರಾತ್ರಿ ಏನೂ ಬರೆಯಲಿಲ್ಲ. ಬರೆದಿದ್ದರೆ ಅವನು ಮರುದಿನ ಮ್ಯಾಜಿಸ್ಟ್ರೇಟ್ ಮುಂದೆ ಇರುತ್ತಿದ್ದ, ನೀವು ನಿಮ್ಮ ಕುರ್ಚಿಯಲ್ಲಿ ಇರುತ್ತಿದ್ದಿರಿ.

ಅಮೆರಿಕದಲ್ಲೂ ಹೀಗೊಂದು ಕೇಸು ದೊಡ್ಡ ಗಲಾಟೆ ಎಬ್ಬಿಸಿತ್ತು. 2005ರ ಫೆಬ್ರವರಿಯಲ್ಲಿ ಟೆಕ್ಸಾಸ್ ಗಡಿಯಲ್ಲಿ ಇಗ್ನಾಸಿಯೊ ರಾಮೋಸ್, ಹೋಸೆ ಕಂಪಿಯಾನ್ ಅನ್ನುವ ಇಬ್ಬರು ಗಡಿ ಕಾವಲು ಸಿಬ್ಬಂದಿ, ಗಾಂಜಾ ಸಾಗಿಸಿ ಓಡುತ್ತಿದ್ದವನ ಮೇಲೆ ಗುಂಡು ಹಾರಿಸಿದರು. ಅವರಿಗೆ 11 ಮತ್ತು 12 ವರ್ಷ ಜೈಲಾಯಿತು. ಗಾಂಜಾ ಸಾಗಿಸಿದವನಿಗೆ ಸಾಕ್ಷಿ ಹೇಳಲು ಸರ್ಕಾರ ಕೇಸಿನಿಂದ ರಕ್ಷಣೆ ಕೊಟ್ಟಿತು. ದೇಶ ಕಾಯ್ದವರನ್ನೇ ಒಳಗೆ ಹಾಕಿದಿರಿ ಅಂತ ಲಕ್ಷಾಂತರ ಜನ ಸಿಟ್ಟಾದರು. ರಾಮೋಸ್ ಮೇಲೆ ಜೈಲಿನಲ್ಲಿ ಬೇರೆ ಕೈದಿಗಳು ಹಲ್ಲೆ ಮಾಡಿದರು. ಕೊನೆಗೆ 2009ರ ಜನವರಿಯಲ್ಲಿ, ಅಧ್ಯಕ್ಷಗಿರಿ ಬಿಡುವ ಹಿಂದಿನ ದಿನ, ಜಾರ್ಜ್ ಬುಷ್ ಆ ಇಬ್ಬರ ಶಿಕ್ಷೆ ಇಳಿಸಿದರು. ತಪ್ಪೆಲ್ಲ ಮಾಫಿ ಮಾಡಲಿಲ್ಲ, ಶಿಕ್ಷೆ ಮಾತ್ರ ಇಳಿಸಿದರು. ಶಿಕ್ಷೆ ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯವೂ ಹೌದು. ಆದರೆ ಆ ಕೇಸಿನಲ್ಲಿ ಅವರಿಗೆ ಮುಳುವಾದದ್ದು ಬರೀ ಗುಂಡಲ್ಲ. ಗುಂಡು ಹಾರಿಸಿದ್ದನ್ನು ವರದಿ ಮಾಡಿರಲಿಲ್ಲ, ಖಾಲಿ ಕಾಟ್ರಿಜ್‌ಗಳನ್ನು ಹೆಕ್ಕಿ ತೆಗೆದಿದ್ದರು. ಅಲ್ಲೂ ಕಾಗದದ ಮೇಲೆ ಬರಬೇಕಾದದ್ದು ಬರಲಿಲ್ಲ.

ಜೈಲಿನ ಬಗ್ಗೆ ನೀವು ಬರೆದ ಭಾಗ ಓದಿ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ಪೊಲೀಸ್ ಅಂತ ಗೊತ್ತಾದರೆ ಜೀವಕ್ಕೆ ಅಪಾಯ, ಅದಕ್ಕೇ ನಿಮ್ಮನ್ನು ಬೇರೆ ಇಟ್ಟರು. ಹಾಗಾಗಿ ಮಾತಾಡಲು ಯಾರೂ ಇಲ್ಲ. ಒಂದೇ ಜೀಪಿನಲ್ಲಿ ವರ್ಷಗಟ್ಟಲೆ ಓಡಾಡಿದವರು ಒಬ್ಬರೂ ನೋಡಲು ಬರಲಿಲ್ಲ. ಕ್ವಾರ್ಟರ್ಸಿನಲ್ಲಿ ನಿಮ್ಮ ಮನೆಯವರು ನೀರಿಗೆ ನಿಂತರೆ ಅಕ್ಕಪಕ್ಕದವರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮಗಳ ಮದುವೆ ಮಾತುಕತೆ ನಿಂತುಹೋಯಿತು. ಇದಕ್ಕೆ ಯಾವ ಕಾನೂನಿನ ಸಮರ್ಥನೆಯೂ ಇಲ್ಲ. ಆರೋಪ ಬಂದವರ ಕೇಸು ಕೋರ್ಟು ನೋಡಿಕೊಳ್ಳುತ್ತದೆ. ಅವರ ಹೆಂಡತಿಗೆ ಒಂದು ಮಾತು ಆಡಿಸಬೇಡಿ ಅಂತ ಯಾವ ಮೇಲಧಿಕಾರಿಯೂ ಆದೇಶ ಹೊರಡಿಸಿರಲಿಲ್ಲ. ನಿಮ್ಮ ಸಹೋದ್ಯೋಗಿಗಳು ಹೆದರಿದರು, ಅಷ್ಟೇ. ಆ ಹೆದರಿಕೆ ಯಾಕೆ ಬಂತು ಅಂತ ನನಗೆ ಅರ್ಥವಾಗುತ್ತದೆ, ಆದರೂ ಕ್ಷಮಿಸಲು ಕಷ್ಟ.

ಆ ಹೆದರಿಕೆಗೂ ಒಂದು ಹಿನ್ನೆಲೆ ಇದೆ. 1966ರ ಕಾಯ್ದೆಯೊಂದು ಪೊಲೀಸರ ಸಂಘ ಕಟ್ಟುವ ಹಕ್ಕಿಗೆ ಕಡಿವಾಣ ಹಾಕಿದೆ. ಶೇಷಾದ್ರಿ ರಸ್ತೆಯ ಹಳೆ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್. ಅಂಗನವಾಡಿ ಕಾರ್ಯಕರ್ತೆಯರು, ರೈತರು, ಶಿಕ್ಷಕರು ಎಲ್ಲರೂ ಅಲ್ಲಿ ಧರಣಿ ಕೂತಿದ್ದಾರೆ. ಬಂದೋಬಸ್ತಿಗೆ ನಿಂತವರು ಮಾತ್ರ ತಮ್ಮ ಕಷ್ಟಕ್ಕೆ ಅಲ್ಲಿ ಕೂರುವಂತಿಲ್ಲ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕೋಣ ಅಂತ ಕರೆ ಕೊಟ್ಟ ಮಾಜಿ ಪೊಲೀಸರೊಬ್ಬರ ಮೇಲೆ ದೇಶದ್ರೋಹದ ಕೇಸು ಹಾಕಿ ಜೈಲಿಗೆ ಕಳಿಸಿದ್ದು ನಿಮಗೆ ನೆನಪಿರುತ್ತದೆ. ಬಾಯಿ ಬಿಡಲು ಜಾಗ ಇಲ್ಲದ ಕಡೆ, ತಪ್ಪು ಆದೇಶಕ್ಕೆ 'ಆಗಲ್ಲ ಸಾರ್' ಅನ್ನುವ ಧೈರ್ಯ ಎಲ್ಲಿಂದ ಬರಬೇಕು? 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸರನ್ನು ರಾಜಕೀಯದ ಒತ್ತಡದಿಂದ ಬಿಡಿಸಲು ಸೂಚನೆ ಕೊಟ್ಟಿತು. ಅವುಗಳನ್ನು ಪೂರ್ತಿ ಮನಸ್ಸಿಟ್ಟು ಜಾರಿ ಮಾಡಿದ ಸರ್ಕಾರ ನನಗೆ ಕಂಡಿಲ್ಲ.

ಈಗ ಹಣಕಾಸಿನ ವಿಚಾರ. ಪತ್ರದಲ್ಲಿ ನೀವು ಇದನ್ನು ಸಂಕೋಚದಿಂದ ಬರೆದಿದ್ದೀರಿ, ಸಂಕೋಚ ಬೇಡ. 48 ಗಂಟೆ ಮೀರಿ ಬಂಧನದಲ್ಲಿದ್ದ ಸರ್ಕಾರಿ ನೌಕರ ತಾನಾಗಿಯೇ ಅಮಾನತಾದ ಲೆಕ್ಕ, ಸೇವಾ ನಿಯಮ ಹಾಗಿದೆ. ಆದರೆ ಅಮಾನತಿನಲ್ಲಿದ್ದಾಗ ಹೊಟ್ಟೆಪಾಡಿಗೆ ಸಿಗುವ ಜೀವನಾಧಾರ ಭತ್ಯೆ ಕೊಡಲೇಬೇಕು. ಇದಕ್ಕೆ ನಮ್ಮ ಕೆಜಿಎಫ್‌ನದೇ ಒಂದು ಕೇಸು ಇದೆ. ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿ ಕ್ಯಾಪ್ಟನ್ ಪಾಲ್ ಆಂಟನಿ ಅವರ ಮನೆಯಲ್ಲಿ ಚಿನ್ನ ಸಿಕ್ಕಿತು ಅಂತ 1985ರಲ್ಲಿ ಅಮಾನತು ಮಾಡಿದರು. ಭತ್ಯೆಯನ್ನೂ ಕೊಡಲಿಲ್ಲ. ಕೇರಳದಿಂದ ವಿಚಾರಣೆಗೆ ಬರಲು ಅವರ ಹತ್ತಿರ ದುಡ್ಡಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ ಕೆಲಸದಿಂದ ತೆಗೆದರು. ಆಮೇಲೆ ಕ್ರಿಮಿನಲ್ ಕೋರ್ಟು ಅವರನ್ನು ಖುಲಾಸೆ ಮಾಡಿತು. 1999ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ನಿಮ್ಮ ವಕೀಲರಿಗೆ ಈ ತೀರ್ಪು ತೋರಿಸಿ.

ನಿಮಗೆ ಅಡ್ಡ ಬರುವ ತೀರ್ಪೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2012ರ ನವೆಂಬರ್‌ನಲ್ಲಿ ತಮಿಳುನಾಡಿನ ಪೊಲೀಸ್ ಸಿಬ್ಬಂದಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗೌರವಯುತ ಬಿಡುಗಡೆ ಬೇರೆ, ಸಂಶಯದ ಲಾಭ ಬೇರೆ ಅಂದಿತು. ಅದಕ್ಕೇ ನಿಮ್ಮ ಅಮಾನತಿನ ಅವಧಿಯನ್ನು ಕರ್ತವ್ಯ ಅಂತ ಪರಿಗಣಿಸುತ್ತಾರೋ ಇಲ್ಲವೋ ಅನ್ನುವುದು ಸುಲಭಕ್ಕೆ ತೀರ್ಮಾನ ಆಗಲ್ಲ. ಗ್ರ್ಯಾಚುಟಿ ತಡೆದಿಟ್ಟಿದ್ದರೆ ತೀರ್ಪಿನ ದೃಢೀಕೃತ ಪ್ರತಿ ಇಟ್ಟು ಬರವಣಿಗೆಯಲ್ಲಿ ಮನವಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಆರು ತಿಂಗಳು ಉತ್ತರ ಬಾರದಿದ್ದರೆ ಅಲ್ಲಿಂದ ಒಂದು ವರ್ಷದೊಳಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ನಿಮ್ಮ ಮಾತಿನ ಕೆಎಟಿಗೆ ಹೋಗಬಹುದು. ಗಡುವು ಮೀರಬೇಡಿ.

ಜೈಲಿನಲ್ಲಿ ಕಳೆದ ನಾಲ್ಕು ತಿಂಗಳಿಗೆ ಪರಿಹಾರ ಸಿಗುತ್ತದಾ ಅಂತ ಕೇಳಿದ್ದೀರಿ. ನಿಮ್ಮ ಕೇಸಿನಲ್ಲಿ ಕಷ್ಟ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು 1994ರಲ್ಲಿ ಬಂಧಿಸಿದರು, 50 ಲಕ್ಷ ಪರಿಹಾರದ ಆದೇಶ ಸುಪ್ರೀಂ ಕೋರ್ಟಿನಿಂದ ಬಂದದ್ದು 2018ರಲ್ಲಿ. ಅದೇ ವರ್ಷ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ, ಸುಳ್ಳು ಕೇಸಿಗೆ ಬಲಿಯಾದವರಿಗೆ ಪರಿಹಾರ ಕೊಡಲು ಪ್ರತ್ಯೇಕ ಕಾನೂನಿನ ದಾರಿ ಬೇಕು ಅಂದಿತು. ಹೊಸ ಸಂಹಿತೆಗಳು ಬಂದವು, ಆ ದಾರಿ ಬರಲಿಲ್ಲ. ನೀವೂ ನಾನೂ ಒಟ್ಟಿಗೆ ನಿಂತು ಕೇಳಬೇಕಾದದ್ದು ಇದನ್ನು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅವರಲ್ಲಿ ಎಷ್ಟೋ ಜನ ನಾಳೆ ಖುಲಾಸೆ ಆಗುತ್ತಾರೆ, ಬರಿಗೈಯಲ್ಲಿ ಹೊರಗೆ ಬರುತ್ತಾರೆ.

ನಿಮ್ಮ ಮಗ ಈಗ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆ, ಬೇಡ ಅನ್ನಬೇಕಾ ಅಂತ ಕೇಳಿದ್ದೀರಿ. ಬೇಡ ಅನ್ನಬೇಡಿ. ಠಾಣೆಯಲ್ಲಿ ಬರೆಯದೆ ಏನನ್ನೂ ಮಾಡಬೇಡ ಅನ್ನಿ. ಫೋನಿನಲ್ಲಿ ಆದೇಶ ಬಂದರೆ ಇಂಥವರಿಂದ ಇಷ್ಟು ಹೊತ್ತಿಗೆ ಬಂತು ಅಂತ ದಿನಚರಿಯಲ್ಲಿ ಹಾಕು ಅನ್ನಿ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲಿ, ಲಾಕಪ್ಪಿನ ಮುಂದೆಯೂ, ಸಿಸಿಟಿವಿ ಇರಬೇಕು ಅಂದಿದೆ. ಅದು ಕೆಟ್ಟಿದ್ದರೆ ಕೆಟ್ಟಿದೆ ಅಂತ ಅದೇ ದಿನ ಬರೆದು ಕಳಿಸು ಅನ್ನಿ. ಹಾಗೆ ಮಾಡುವವನಿಗೆ ಒಳ್ಳೆ ಪೋಸ್ಟಿಂಗ್ ಸಿಗದೆ ಹೋಗಬಹುದು. ಅದನ್ನೂ ಅವನಿಗೆ ಮೊದಲೇ ಹೇಳಿ.

ಕೊನೆಯದಾಗಿ ಒಂದು ಕೋರಿಕೆ. ಒಳಗಿದ್ದ ಕೊನೆಯ ದಿನಗಳಲ್ಲಿ ಬೇರೆ ಕೈದಿಗಳಿಗೆ ಜಾಮೀನಿನ ಅರ್ಜಿ ಬರೆದುಕೊಟ್ಟೆ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಬಂಧನದಲ್ಲಿರುವ ಪ್ರತಿಯೊಬ್ಬರಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ, 1987ರ ಕಾಯ್ದೆಯಲ್ಲೇ ಇದೆ. ಆದರೂ ಅವರು ಕಾಗದ ಹಿಡಿದು ನಿಮ್ಮ ಹತ್ತಿರ ಯಾಕೆ ಬಂದರು? ವಕೀಲರು ಬರುತ್ತಿರಲಿಲ್ಲವಾ? ಕೇಸಿನ ನಂಬರ್ರೇ ಗೊತ್ತಿಲ್ಲದವರು ಇದ್ದರಾ? ಸೆಕ್ಷನ್ ಗೊತ್ತಿರುವ ಕಣ್ಣಿನಿಂದ ಅದನ್ನು ಒಳಗಿನಿಂದ ನೋಡಿದವರು ಬಹಳ ಕಡಿಮೆ. ಅದನ್ನು ಬರೆದು ಕಳಿಸಿ. ಯಾರ ಹೆಸರೂ ಹಾಕುವುದಿಲ್ಲ. ಕೈಬರಹದಲ್ಲಿದ್ದರೂ ಪರವಾಗಿಲ್ಲ, ನಮ್ಮವರು ಟೈಪ್ ಮಾಡಿಕೊಳ್ಳುತ್ತಾರೆ.

ಇಂತಿ,
ಸಂಪಾದಕ