ಓದುಗರ ಪ್ರಶ್ನೆ: ಕ್ಯಾಸೆಟ್ ಪ್ರಿಆಂಪ್‌ನಲ್ಲಿ ಬೇಸ್ ಏಕೆ ಬರುತ್ತಿಲ್ಲ?

ಪ್ರಶ್ನೆ: ಹಳೆಯ ಡೆಕ್‌ನ ಹೆಡ್‌ಗೆ (ಟೇಪ್ ಓದುವ ಭಾಗ) ಎರಡು ಬಿಸಿ549 ಟ್ರಾನ್ಸಿಸ್ಟರ್ ಹಾಕಿ ಪ್ರಿಆಂಪ್ (ಕ್ಷೀಣ ಸಿಗ್ನಲನ್ನು ಹಿಗ್ಗಿಸುವ ಮೊದಲ ಹಂತ) ಕಟ್ಟಿದ್ದೇನೆ. ಫೀಡ್‌ಬ್ಯಾಕ್‌ನ (ಔಟ್‌ಪುಟ್‌ನ ಒಂದಂಶವನ್ನು ಇನ್‌ಪುಟ್ ಕಡೆಗೆ ಮರಳಿಸುವ ಜಾಲ) ರೆಸಿಸ್ಟರ್, ಕೆಪಾಸಿಟರ್ ಮೌಲ್ಯಗಳೆಲ್ಲ ಲೆಕ್ಕದಂತೆಯೇ ಇವೆ. ಆದರೂ ತಬಲಾದ ಡಗ್ಗಾ ತೆಳ್ಳಗೆ ಕೇಳುತ್ತದೆ. ಆಪ್‌ಆಂಪ್ (ಸಿದ್ಧ ಆಂಪ್ಲಿಫೈಯರ್ ಐಸಿ) ಹಾಕಿದರೆ ಇನ್ವರ್ಟಿಂಗ್ ಜೋಡಣೆ (ಸಿಗ್ನಲನ್ನು ಮೈನಸ್ ಪಿನ್ನಿನ ಕಡೆ ಕೊಡುವುದು) ಆದೀತೇ?
– ಓದುಗರೊಬ್ಬರು, ತುಮಕೂರು

ಉತ್ತರ: ಲೆಕ್ಕ ಸರಿ, ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) ಸಾಲದು. ಆವರ್ತನ ಅರ್ಧಕ್ಕಿಳಿದರೆ ಹೆಡ್‌ನ ವೋಲ್ಟೇಜೂ ಅರ್ಧಕ್ಕಿಳಿಯುತ್ತದೆ. ಅದನ್ನು ಸರಿದೂಗಿಸಲು 50 ಹರ್ಟ್ಸ್ ಹತ್ತಿರ 2000 ಪಟ್ಟು ಗೇನ್ ಬೇಕಾಗುತ್ತದೆ. ಎರಡು ಟ್ರಾನ್ಸಿಸ್ಟರ್‌ಗಳಿಗೆ ಫೀಡ್‌ಬ್ಯಾಕ್ ಇಲ್ಲದೆಯೇ ಇರುವುದು ಕೆಲವು ಸಾವಿರವಾದರೆ, ಅಲ್ಲಿ ಫೀಡ್‌ಬ್ಯಾಕ್‌ಗೆ ಹಿಡಿತವೇ ಇರುವುದಿಲ್ಲ. ಪರೀಕ್ಷೆ ಸುಲಭ: ಮೊದಲ ಟ್ರಾನ್ಸಿಸ್ಟರಿನ ಎಮಿಟರ್‌ನಲ್ಲಿರುವ 100 ಓಮ್ ತೆಗೆದು 220 ಹಾಕಿ. ಒಟ್ಟು ದನಿ ಕುಗ್ಗಿ, ಬೇಸ್ ಮಾತ್ರ ಅಷ್ಟಾಗಿ ಕುಗ್ಗದಿದ್ದರೆ ರೋಗ ಇದೇ.

ಎನ್‌ಇ5532 ಆಪ್‌ಆಂಪ್ ಹಾಕಿ, ಅದರ ಗೇನ್ 50 ಹರ್ಟ್ಸ್‌ನಲ್ಲಿ 1 ಲಕ್ಷದ ಆಸುಪಾಸು. ಆದರೆ ಇನ್ವರ್ಟಿಂಗ್ ಬೇಡ. ಅಲ್ಲಿ ಹೆಡ್‌ನ ಇಂಪೀಡೆನ್ಸೇ (ಎಸಿ ಸಿಗ್ನಲಿಗೆ ಒಡ್ಡುವ ತಡೆ) ಗೇನ್ ಲೆಕ್ಕದೊಳಗೆ ಸೇರುತ್ತದೆ. 100 ಮಿಲಿಹೆನ್ರಿಯ ಹೆಡ್ 10 ಕಿಲೋಹರ್ಟ್ಸ್‌ನಲ್ಲಿ 6.3 ಕಿಲೋ ಓಮ್ ಆಗುವುದರಿಂದ ಮೇಲಿನ ಸ್ವರಗಳು ಮಂಕಾಗುತ್ತವೆ.

ನಾನ್‌ಇನ್ವರ್ಟಿಂಗ್‌ನಲ್ಲಿ (ಸಿಗ್ನಲ್ ಪ್ಲಸ್ ಪಿನ್ನಿಗೆ), ಔಟ್‌ಪುಟ್‌ನಿಂದ ಮೈನಸ್ ಪಿನ್ನಿಗೆ 300 ಕಿಲೋ ಓಮ್. ಅದಕ್ಕೆ ಸಮಾಂತರವಾಗಿ, ಒಂದರ ಹಿಂದೊಂದರಂತೆ 12 ಕಿಲೋ ಓಮ್ ಮತ್ತು 10 ನ್ಯಾನೊಫ್ಯಾರಡ್. ಫೆರಿಕ್ (ಸಾಮಾನ್ಯ) ಟೇಪಿನ ಸ್ವರ ಸರಿದೂಗಿಸಲು ಬೇಕಾದ ಕಾಲಾಂಕಗಳಾದ 3180 ಮತ್ತು 120 ಮೈಕ್ರೊಸೆಕೆಂಡ್ ಇದರಲ್ಲೇ ಸಿಗುತ್ತವೆ (ಮೊದಲನೆಯದು ನಿಖರವಾಗಿ 3120, ಕಿವಿಗೆ ಗೊತ್ತಾಗದು). 10 ನ್ಯಾನೊಗೆ ಪಾಲಿಯೆಸ್ಟರ್ ಬಳಸಿ. ಅಗ್ಗದ ಸೆರಾಮಿಕ್ ಹಾಕಿದರೆ ಅದರ ಮೌಲ್ಯ ಬಿಸಿಗೆ ಓಡಾಡುತ್ತದೆ. ಮೈನಸ್ ಪಿನ್ನಿಂದ ನೆಲಕ್ಕೆ 100 ಓಮ್, ಅದರ ಸರಣಿಯಲ್ಲಿ 220 ಮೈಕ್ರೊಫ್ಯಾರಡ್. ಈ ಕೆಪಾಸಿಟರ್ ಬಿಟ್ಟರೆ ಡಿಸಿಗೆ ಗೇನ್ 3000 ಆಗಿ, ಒಂದೆರಡು ಮಿಲಿವೋಲ್ಟ್ ಆಫ್‌ಸೆಟ್ಟೇ (ಐಸಿಯೊಳಗಿನ ಸಣ್ಣ ಡಿಸಿ ದೋಷ) ಔಟ್‌ಪುಟ್ಟನ್ನು ಕೆಲವು ವೋಲ್ಟ್ ಸರಿಸಿಬಿಡುತ್ತದೆ. 1 ಕಿಲೋಹರ್ಟ್ಸ್‌ನಲ್ಲಿ ಗೇನ್ ಸುಮಾರು 190; ಹೆಡ್ 0.3 ಮಿಲಿವೋಲ್ಟ್ ಕೊಟ್ಟರೆ ಔಟ್‌ಪುಟ್ 57 ಮಿಲಿವೋಲ್ಟ್.

ಹೆಡ್ಡನ್ನು ನೇರವಾಗಿ ಪ್ಲಸ್ ಪಿನ್ನಿಗೆ ಕೊಡಬೇಡಿ. ಐಸಿಯ ಬಯಾಸ್ ಕರೆಂಟ್ (ಅದರ ಇನ್‌ಪುಟ್ ಪಿನ್ನಿನ ಸಣ್ಣ ಡಿಸಿ) ಹರಿದು ಹೆಡ್ ಕ್ರಮೇಣ ಕಾಂತಗೊಂಡರೆ ಹಿಸ್ (ಸುಯ್ ಎನ್ನುವ ಸದ್ದು) ಏರುತ್ತದೆ. ನಡುವೆ 4.7 ಮೈಕ್ರೊಫ್ಯಾರಡ್ ಇರಲಿ, ಪ್ಲಸ್ ಪಿನ್ನಿಗೆ 47 ಕಿಲೋ ಓಮ್ ಬಯಾಸ್ ರೆಸಿಸ್ಟರ್ ಕೊಡಿ.

ಪ್ರಶ್ನೆ: ಕ್ರೋಮ್ ಟೇಪಿಗೆ ಏನು ಬದಲಿಸಬೇಕು? – ಇನ್ನೊಬ್ಬರು, ಹಾಸನ

ಉತ್ತರ: ಸ್ವಿಚ್ ಮೂಲಕ 12 ಕಿಲೋಗೆ 18 ಕಿಲೋ ಓಮ್ ಸಮಾಂತರವಾಗಿ ಸೇರಿಸಿ, 7.2 ಕಿಲೋ ಆಗಿ 72 ಮೈಕ್ರೊಸೆಕೆಂಡ್ ಸಿಗುತ್ತದೆ, ಬೇಕಾದದ್ದು 70. ಅಂಗಡಿಯಲ್ಲಿ ಕೊಂಡ ಹಾಡಿನ ಕ್ಯಾಸೆಟ್ ಕ್ರೋಮ್ ಆಗಿದ್ದರೂ 120ರಲ್ಲೇ ಮುದ್ರಿತವಾಗಿರಬಹುದು, ಲೇಬಲ್ ನೋಡಿಯೇ ಸ್ವಿಚ್ ಹಾಕಿ.